ಮನೆಯೊಳಗಣ ಮರ

ಬೆಂಗಳೂರಿನ ಕೋಟೆ ಪ್ರದೇಶದಲ್ಲಿ ಟಿಪ್ಪು ಸುಲ್ತಾನನ ಬೇಸಿಗೆಯ ಅರಮನೆಯಿದೆ. ಹೈದರಾಲಿಯ ಕಾಲದಲ್ಲಿ, 1781ರಲ್ಲಿ, ಆರಂಭವಾದ ಈ ಕಟ್ಟಡ ಪೂರ್ಣಗೊಂಡುದು 1791ರಲ್ಲಿ. ಅದರ ಎತ್ತರವಾದ ಕಂಬಗಳೂ ಕಮಾನುಗಳೂ ಬಹುಮಟ್ಟಿಗೆ ತೇಗದ ಮರದವು. ಅವುಗಳನ್ನು ಕೆತ್ತಿದ ಬಡಗಿಗಳು ಯಾರೆಂಬುದು ಇಂದು ಯಾರಿಗೂ ತಿಳಿಯದು. ಆದರೆ ಅವರು ನಿಲ್ಲಿಸಿದ ಕಂಬಗಳು ಇನ್ನೂರ ಮೂವತ್ತಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡು ಇನ್ನೂ ನಿಂತಿವೆ. ಜಪಾನಿನ ನಾರಾ ನಗರದ ಸಮೀಪದಲ್ಲಿರುವ ಹೋರ್ಯೂಜಿ ಎಂಬ ಬೌದ್ಧ ದೇವಾಲಯದ ಮರದ ಕಟ್ಟಡಗಳಿಗಂತೂ ಸಾವಿರದ ಮುನ್ನೂರು ವರ್ಷಗಳ ಆಸುಪಾಸಿನ ವಯಸ್ಸು. ಇವನ್ನು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಮರಕ್ಕೆ ಎರಡು ಬಾಳುಗಳಿವೆ. ಮೊದಲನೆಯದು ಕಾಡಿನಲ್ಲಿ ಬೇರೂರಿ ನಿಂತ ಬಾಳು. ಎರಡನೆಯದು ಮನುಷ್ಯನ ಮನೆಯಲ್ಲಿ ಕಂಬವಾಗಿ, ಬಾಗಿಲಾಗಿ, ಮಂಚವಾಗಿ, ಮೇಜಾಗಿ ಸವೆಸುವ ಬಾಳು.

ಮೊದಲನೆಯ ಬಾಳಿನ ಅವಧಿಯನ್ನು ಮಣ್ಣು, ಮಳೆ, ಬಿಸಿಲುಗಳು ನಿರ್ಧರಿಸುತ್ತವೆ. ಎರಡನೆಯದರ ಅವಧಿಯನ್ನು ನಿರ್ಧರಿಸುವವರು ನಾವು. ಐವತ್ತು ಅರವತ್ತು ವರ್ಷ ಕಾಡಿನಲ್ಲಿ ಬೆಳೆದ ತೇಗವನ್ನು ನಾವು ಐದು ವರ್ಷ ಬಳಸಿ ಒಲೆಗೆ ಹಾಕಿದರೆ ಆ ಮರಕ್ಕೂ ಅದನ್ನು ಬೆಳೆಸಿದ ನೆಲಕ್ಕೂ ಅನ್ಯಾಯ ಮಾಡಿದಂತೆ. ಅದನ್ನೇ ಮೂರು ತಲೆಮಾರು ಬಳಸಿದರೆ, ಆ ಅವಧಿಯಲ್ಲಿ ಅದರ ಜಾಗದಲ್ಲಿ ಇನ್ನೊಂದು ತೇಗ ಬೆಳೆದು ನಿಲ್ಲಲು ಕಾಲಾವಕಾಶ ದೊರೆಯುತ್ತದೆ. ಮನೆಗೆ ಬೇಕಾದ ಪೀಠೋಪಕರಣಗಳನ್ನು ಆರಿಸುವಾಗ ನೆನಪಿನಲ್ಲಿಡಬೇಕಾದ ಮೂಲಸೂತ್ರ ಇಷ್ಟೇ. ಮರವೊಂದು ಬೆಳೆಯಲು ತೆಗೆದುಕೊಂಡ ಕಾಲಕ್ಕಿಂತ ಕಡಮೆ ಕಾಲ ಅದರಿಂದ ಮಾಡಿದ ವಸ್ತು ಬಾಳಬಾರದು.

ಈ ಸೂತ್ರವನ್ನು ನೆನೆಯಬೇಕಾದ ಸಂದರ್ಭ ಬೆಂಗಳೂರಿನ ಉತ್ತರ ಭಾಗದಲ್ಲಿ ಇಂದು ಪದೇ ಪದೇ ಒದಗಿಬರುತ್ತಿದೆ. ಯಲಹಂಕ, ಹೆಬ್ಬಾಳ, ಯಶವಂತಪುರ, ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಆರ್.ಟಿ. ನಗರ ಇವೆಲ್ಲ ಕಳೆದ ಕೆಲವು ದಶಕಗಳಲ್ಲಿ ಬಹಳ ಬದಲಾಗಿವೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಬಳಿಕ ಈ ಬದಲಾವಣೆ ಇನ್ನಷ್ಟು ತ್ವರಿತವಾಯಿತು. ಹೆಂಚಿನ ಮನೆಗಳೂ ಅಂಗಳವುಳ್ಳ ಮನೆಗಳೂ ನೆಲಸಮವಾಗಿ ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಮನೆ ಕೆಡವಿದಾಗ ಕೇವಲ ಗೋಡೆ ಬೀಳುವುದಿಲ್ಲ. ನಡುಮನೆಯ ತೂಗುಮಂಚ, ಅಜ್ಜನ ಆರಾಮ ಕುರ್ಚಿ, ಬೆತ್ತ ಹೆಣೆದ ಬೆಂಚು, ಕಾಗದಪತ್ರಗಳನ್ನಿಡುತ್ತಿದ್ದ ಪೆಟ್ಟಿಗೆ, ಆಳೆತ್ತರದ ಬೀರು, ಊಟದ ಮಣೆಗಳು ಎಲ್ಲವೂ ಬೀದಿಗೆ ಬರುತ್ತವೆ. ಅವುಗಳಲ್ಲಿ ಕೆಲವು ಗುಜರಿಯವರ ಗಾಡಿಯೇರುತ್ತವೆ. ಕೆಲವು ಸೌದೆಯಾಗುತ್ತವೆ. ಅದೇ ವಾರ ಅದೇ ಕುಟುಂಬ ಹೊಸ ಮನೆಗೆಂದು ಹೊಸ ಸಾಮಾನುಗಳನ್ನು ಕೊಳ್ಳುತ್ತದೆ.

ಹೀಗೆ ಸೌದೆಯಾದ ಮೇಜಿನೊಡನೆ ಏನೇನು ಕಳೆದುಹೋಗುತ್ತದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕೋಣ. ತೇವವೆಲ್ಲ ಕಳೆದ ಮರದ ತೂಕದಲ್ಲಿ ಸರಿಸುಮಾರು ಅರ್ಧದಷ್ಟು ಇಂಗಾಲವಿರುತ್ತದೆ. ಮರವು ಬೆಳೆಯುವಾಗ ಗಾಳಿಯಿಂದ ಹೀರಿಕೊಂಡ ಇಂಗಾಲವೇ ಅದು. 40 ಕಿಲೋಗ್ರಾಂ ತೂಗುವ ಒಂದು ಮೇಜಿನಲ್ಲಿ ಸುಮಾರು 20 ಕಿಲೋಗ್ರಾಂ ಇಂಗಾಲ ಅಡಗಿದೆಯೆನ್ನೋಣ. 12 ಭಾಗ ಇಂಗಾಲವು ಉರಿದಾಗ 32 ಭಾಗ ಆಮ್ಲಜನಕದೊಡನೆ ಕೂಡಿ 44 ಭಾಗ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಲೆಕ್ಕದಂತೆ ಈ ಮೇಜನ್ನು ಸುಟ್ಟರೆ 70 ಕಿಲೋಗ್ರಾಮಿಗೂ ಮಿಗಿಲಾದ ಇಂಗಾಲದ ಡೈಆಕ್ಸೈಡ್ ಮರಳಿ ಗಾಳಿಯನ್ನು ಸೇರುತ್ತದೆ. ಮೇಜು ಮೇಜಾಗಿಯೇ ಉಳಿಯುವಷ್ಟು ಕಾಲ ಆ ಇಂಗಾಲ ನಮ್ಮ ಮನೆಯ ಮೂಲೆಯಲ್ಲಿ ನಿರುಪದ್ರವಿಯಾಗಿ ಬಂಧಿತವಾಗಿರುತ್ತದೆ. ಅಷ್ಟೇ ಅಲ್ಲ, ಅದರ ಬದಲಿಗೆ ಇನ್ನೊಂದು ಮರವನ್ನು ಕಡಿಯುವ, ಸೀಳುವ, ದೂರದಿಂದ ಸಾಗಿಸುವ ಅಗತ್ಯವೂ ತಪ್ಪುತ್ತದೆ.

ಕಾಡಿನ ಕಡೆಯಿಂದ ನೋಡಿದರೆ ಈ ಮಾತಿನ ಗುರುತ್ವ ಇನ್ನೂ ಚೆನ್ನಾಗಿ ಮನದಟ್ಟಾಗುತ್ತದೆ. 1983ರ ಸೆಪ್ಟೆಂಬರ್ ತಿಂಗಳಲ್ಲಿ ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಮುತ್ತಲ ಜನರು ಕಳಸೆಯ ಕಾಡಿಗೆ ನಡೆದುಹೋಗಿ, ಕಡಿಯಲೆಂದು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರಂಥ ಕಾರ್ಯಕರ್ತರು ಮುನ್ನಡೆಸಿದ ಈ ಚಳವಳಿಯೇ ‘ಅಪ್ಪಿಕೊ’ ಎಂದು ಹೆಸರಾಯಿತು. 1996ರ ಡಿಸೆಂಬರ್ 12ರಂದು ದೇಶದ ಸರ್ವೋಚ್ಚ ನ್ಯಾಯಾಲಯವು ಕೇಂದ್ರ ಸರ್ಕಾರದ ಒಪ್ಪಿಗೆ ಪಡೆದ ಯೋಜನೆಯಿಲ್ಲದೆ ಕಾಡಿನಲ್ಲಿ ಮರ ಕಡಿಯುವುದನ್ನು ತಡೆಯಿತು. ಆಗ ಹೊರದೇಶಗಳ ಮರವನ್ನು ಹೆಚ್ಚು ಹೆಚ್ಚಾಗಿ ಅವಲಂಬಿಸಬೇಕಾಯಿತು. ತೇಗಕ್ಕೆ ಹೆಸರಾದ ಮ್ಯಾನ್ಮಾರ್ ತನ್ನ ಕಾಡುಗಳು ಬರಿದಾಗುವುದನ್ನು ಕಂಡು 2014ರ ಏಪ್ರಿಲಿನಿಂದ ಮರದ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ನಮ್ಮ ಪಶ್ಚಿಮಘಟ್ಟದ ಬೀಟೆ ಮರವೂ ಸೇರಿದಂತೆ ಆ ಜಾತಿಯ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರ ಜನವರಿಯಿಂದ ಕಟ್ಟುಪಾಡುಗಳು ಬಂದವು. ಒಳ್ಳೆಯ ಮರ ಇನ್ನು ಮೇಲೆ ಬೇಕೆಂದಾಗಲೆಲ್ಲ ಸಿಗುವ ವಸ್ತುವಲ್ಲ ಎಂಬುದನ್ನು ಈ ಘಟನೆಗಳು ಸಾರಿಹೇಳುತ್ತವೆ. ನಮ್ಮ ಅಟ್ಟದ ಮೇಲೆ ಧೂಳು ಹಿಡಿದು ಕುಳಿತ ಹಳೆಯ ಬೆಂಚು ಈಗಾಗಲೇ ಕಡಿದುಬಿಟ್ಟ ಮರ. ಅದನ್ನು ಬಳಸಲು ಹೊಸದಾಗಿ ಕೊಡಲಿ ಎತ್ತಬೇಕಾಗಿಲ್ಲ.

ಮರದ ಅಭಾವವನ್ನು ನೀಗಲು ವಿಜ್ಞಾನವೂ ಶ್ರಮಿಸಿದೆ. ಯಶವಂತಪುರದ ತುಮಕೂರು ರಸ್ತೆಯಲ್ಲಿ 1962ರಲ್ಲಿ ಆರಂಭವಾದ ಸಂಶೋಧನಾ ಸಂಸ್ಥೆಯಲ್ಲಿ ಪ್ಲೈವುಡ್ ಕುರಿತು, ಬಿದಿರಿನ ಚಾಪೆಗಳನ್ನು ಅಂಟಿಸಿ ಮಾಡುವ ಹಲಗೆಗಳ ಕುರಿತು ಅನೇಕ ಪ್ರಯೋಗಗಳು ನಡೆದವು. ಮರವನ್ನು ತೆಳುವಾದ ಹಾಳೆಗಳಾಗಿ ಸುಲಿದು, ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡಬರುವಂತೆ ಅಂಟಿಸಿದುದೇ ಪ್ಲೈವುಡ್. ಒಳ್ಳೆಯ ಅಂಟಿನಿಂದ ಮಾಡಿದ ಪ್ಲೈವುಡ್ ಬಹುಕಾಲ ಬಾಳುತ್ತದೆ. ಆದರೆ ಪುಡಿಮರವನ್ನು ಅಂಟಿನೊಡನೆ ಒತ್ತಿ ಮಾಡಿದ ಅಗ್ಗದ ಹಲಗೆಗಳ ವಿಷಯ ಬೇರೆ. ಅವುಗಳಲ್ಲಿ ನೀರಿಳಿದರೆ ಅವು ಊದಿಕೊಳ್ಳುತ್ತವೆ. ಒಮ್ಮೆ ತೆಗೆದ ತಿರುಪುಮೊಳೆ ಅದೇ ರಂಧ್ರದಲ್ಲಿ ಮತ್ತೆ ಬಿಗಿಯಾಗಿ ಕೂರುವುದಿಲ್ಲ. ಕೆಲವು ಅಂಟುಗಳಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ನಿಧಾನವಾಗಿ ಹೊರಬರುತ್ತಿರುತ್ತದೆ. ಇದು ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ನಿರ್ಣಯಿಸಿತು. ಹೊಸ ಬೀರುವಿನ ಬಾಗಿಲು ತೆರೆದೊಡನೆ ಕಣ್ಣು ಉರಿಸುವ ವಾಸನೆ ಬಹುಮಟ್ಟಿಗೆ ಇಂಥ ಅನಿಲದ್ದು. ಹಳೆಯ ಗಟ್ಟಿಮರದ ಬೀರುವಿನಲ್ಲಿ ಈ ತೊಂದರೆಯಿಲ್ಲ.

ಹಾಗೆಂದ ಮಾತ್ರಕ್ಕೆ ಹಳೆಯದೆಲ್ಲವನ್ನೂ ಕಣ್ಣುಮುಚ್ಚಿ ಮನೆಗೆ ತರಬೇಕೆಂದು ಅರ್ಥವಲ್ಲ. ಹಳೆಯ ಸಾಮಾನನ್ನು ಆರಿಸುವುದು ಒಂದು ವಿದ್ಯೆ. ಅದಕ್ಕೆ ಕಣ್ಣು, ಕೈ, ಮೂಗು, ಕಿವಿ ಎಲ್ಲವೂ ಬೇಕು. ಎಲ್ಲಕ್ಕಿಂತ ಮೊದಲು ವಿವೇಚನೆ ಬೇಕು.

ಮೊಟ್ಟಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದು ನಮಗೆ ಬೇಕೆ?’ ಎಂಬುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಕೋಣೆ ಇದ್ದಷ್ಟು ಮಂಚ ತರಬೇಕೆಂಬುದೂ ಅಷ್ಟೇ ನಿಜ. ಹಳೆಯ ಮನೆಗಳ ಎತ್ತರಕ್ಕೂ ಅಗಲಕ್ಕೂ ತಕ್ಕಂತೆ ಮಾಡಿದ ಸಾಮಾನುಗಳು ಇಂದಿನ ಕೋಣೆಗಳಿಗೆ ದೊಡ್ಡವಾಗಬಹುದು. ಆದುದರಿಂದ ಇಡುವ ಜಾಗವನ್ನಷ್ಟೇ ಅಲ್ಲ, ಮನೆಯ ಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟಿನ ಒಳಾಳತೆ ಇವನ್ನೂ ಅಳೆದು ಬರೆದುಕೊಂಡು ಹೋಗಬೇಕು. ಅಳತೆಪಟ್ಟಿಯಿಲ್ಲದೆ ಗುಜರಿಗೆ ಹೋದವನು ಹಣವನ್ನೂ ಹಮಾಲಿಯನ್ನೂ ಎರಡು ಬಾರಿ ತೆರಬೇಕಾದೀತು.

ಎರಡನೆಯದು ಮರದ ಗುರುತು. ಹೊಳಪು ಬಳಿದ ಮುಂಭಾಗವನ್ನು ನೋಡಿ ಮರವನ್ನು ನಿರ್ಧರಿಸಬಾರದು. ಸೆಳೆಖಾನೆಯನ್ನು ಹೊರಗೆಳೆದು ಅದರ ಅಡಿಯನ್ನೂ, ಮೇಜನ್ನು ಮಗುಚಿ ಅದರ ಕೆಳಮೈಯನ್ನೂ, ಬೀರುವಿನ ಬೆನ್ನನ್ನೂ ನೋಡಬೇಕು. ತೇಗದ ತಿರುಳು ಹೊಂಬಣ್ಣದ ಕಂದು. ಮುಟ್ಟಿದರೆ ಸ್ವಲ್ಪ ಜಿಡ್ಡು ಜಿಡ್ಡು. ಅದರಲ್ಲಿರುವ ಸಹಜವಾದ ರಾಸಾಯನಿಕಗಳೇ ಗೆದ್ದಲನ್ನು ದೂರವಿಡುತ್ತವೆ. ಬೀಟೆ ಬಲು ಭಾರ. ನೇರಳೆ ಬೆರೆತ ಕಡುಕಂದಿನಲ್ಲಿ ಕಪ್ಪು ಗೆರೆಗಳು ಓಡಿರುತ್ತವೆ, ಕೆರೆದರೆ ನವಿರಾದ ಪರಿಮಳ ಬರುತ್ತದೆ. ಹಲಸು ಹೊಸದಾಗಿದ್ದಾಗ ಹಳದಿ; ವರ್ಷಗಳು ಕಳೆದಂತೆ ಕೆಂಪು ಕಂದಿಗೆ ತಿರುಗುತ್ತದೆ. ಹೊನ್ನೆಯ ತಿರುಳಿಗೆ ನೀರು ಸೋಕಿದರೆ ಹಳದಿಯ ಕಲೆ ಬಿಡುತ್ತದೆ. ಹಲಗೆಯ ಮೇಲ್ಮೈಯಲ್ಲಿರುವ ಗೆರೆಗಳು ಅಂಚನ್ನು ದಾಟಿ ಪಕ್ಕಕ್ಕೂ ಮುಂದುವರಿದಿದ್ದರೆ ಅದು ಗಟ್ಟಿಮರ. ಒಂದೇ ಬಗೆಯ ಚಿತ್ರ ಮತ್ತೆ ಮತ್ತೆ ಮರುಕಳಿಸಿದರೆ ಅದು ಮರದ ಚಿತ್ರ ಮುದ್ರಿಸಿದ ಹಾಳೆಯೆಂದು ತಿಳಿಯಬೇಕು. ಮರದ ಜಾತಿಯನ್ನು ಖಚಿತವಾಗಿ ಅರಿಯುವುದು ವಿಜ್ಞಾನಿಗಳ ಕೆಲಸ. ಯಶವಂತಪುರಕ್ಕೆ ಸಮೀಪದ ಮಲ್ಲೇಶ್ವರದಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿ 1988ರಲ್ಲಿ ಈಗಿನ ಹೆಸರು ಪಡೆದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಈ ಬಗೆಯ ಅಧ್ಯಯನಕ್ಕೆ ಹೆಸರಾಗಿದೆ.

ಮೂರನೆಯದೂ ಬಹುಮುಖ್ಯವೂ ಆದುದು ಕೂಡಿಕೆ. ಹಿಂದಿನ ಬಡಗಿಗಳು ಒಂದು ಮರದಲ್ಲಿ ಉಳಿಯಿಂದ ಕುಳಿ ತೋಡಿ, ಇನ್ನೊಂದರ ತುದಿಯನ್ನು ಅದಕ್ಕೆ ಸರಿಯಾಗಿ ಕೆತ್ತಿ, ಎರಡನ್ನೂ ಕೂಡಿಸಿ ಅಡ್ಡಲಾಗಿ ಮರದ ಇಲ್ಲವೆ ಬಿದಿರಿನ ಮೊಳೆ ಹೊಡೆಯುತ್ತಿದ್ದರು. ಮರವು ಮಳೆಗಾಲದಲ್ಲಿ ಸ್ವಲ್ಪ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕಬ್ಬಿಣದ ಮೊಳೆ ಹಾಗೆ ಹಿಗ್ಗಿ ಕುಗ್ಗದು. ಕಾಲಕ್ರಮದಲ್ಲಿ ತುಕ್ಕು ಹಿಡಿದು ಸಡಿಲವಾಗುತ್ತದೆ. ಮರಕ್ಕೆ ಮರವೇ ಸೇರಿದ ಕೂಡಿಕೆಯು ಋತುಮಾನಕ್ಕೆ ಒಗ್ಗಿಕೊಂಡು ನಿಲ್ಲುತ್ತದೆ. ಅಷ್ಟೇ ಮುಖ್ಯವಾದ ಇನ್ನೊಂದು ಗುಣ ಅದಕ್ಕಿದೆ. ಅದನ್ನು ಬಿಚ್ಚಬಹುದು.

ಯಲಹಂಕದ ಹಳೆಯ ಊರಿನಲ್ಲಿ ನಾನು ಬಲ್ಲ ಒಂದು ಕುಟುಂಬ ತಮ್ಮ ಹೆಂಚಿನ ಮನೆಯನ್ನು ಮಾರಿ ಆರನೆಯ ಮಹಡಿಯ ಮನೆಗೆ ಹೋಗಬೇಕಾಗಿ ಬಂದಿತು. ಆ ಮನೆಯ ಹಿರಿಯಾಕೆಗೆ ತವರಿನಿಂದ ಬಂದ ಬೀರು ಲಿಫ್ಟಿನಲ್ಲಿ ಹಿಡಿಸುವಂತಿರಲಿಲ್ಲ. ಮಗ ಅದನ್ನು ಒಡೆದು ಕೊಟ್ಟುಬಿಡಲು ನಿಶ್ಚಯಿಸಿದ. ಬಂದ ಮುದಿ ಬಡಗಿ ಬೀರುವಿನ ಸುತ್ತ ಒಮ್ಮೆ ಸುಳಿದು, “ಇದನ್ನ ಒಡೆಯೋದು ಬೇಡ ಅಮ್ಮಾ, ಬಿಚ್ಚೋಣ” ಎಂದನು. “ಬಿಚ್ಚಿದ್ರೆ ಮತ್ತೆ ಕೂಡುತ್ತೇನಪ್ಪಾ?” ಎಂದು ಆಕೆ ಕೇಳಿದಾಗ, “ಕೂಡಿಸಿದೋನೂ ನನ್ನಂಥೋನೇ ಅಲ್ಲವಾ ತಾಯಿ” ಎಂಬುದು ಅವನ ಉತ್ತರ. ಕೊಡತಿಯಿಂದ ಮೆಲ್ಲಗೆ ತಟ್ಟಿ ಮರದ ಮೊಳೆಗಳನ್ನು ಹೊರಡಿಸಿ, ಪ್ರತಿಯೊಂದು ತುಂಡಿಗೂ ಸೀಮೆಸುಣ್ಣದಿಂದ ಅಂಕಿ ಹಾಕಿ, ಮಧ್ಯಾಹ್ನದ ವೇಳೆಗೆ ಅವನು ಬೀರುವನ್ನು ಹಲಗೆಗಳ ಕಟ್ಟಾಗಿ ಮಾಡಿದ್ದನು. ಮರುದಿನ ಅದು ಆರನೆಯ ಮಹಡಿಯಲ್ಲಿ ಮತ್ತೆ ಬೀರುವಾಗಿ ನಿಂತಿತು. ಕೂಡಿಕೆಯ ಬೆಲೆಯನ್ನು ತಿಳಿಯಲು ಇದಕ್ಕಿಂತ ಬೇರೆ ನಿದರ್ಶನ ಬೇಡ. ಬಿಚ್ಚಿ ಕೂಡಿಸಬಲ್ಲ ವಸ್ತುವೇ ದುರಸ್ತಿಗೆ ಒದಗುವ ವಸ್ತು. ದುರಸ್ತಿಗೆ ಒದಗುವ ವಸ್ತುವೇ ಬಹುಕಾಲ ಬಾಳುವ ವಸ್ತು.

ನಾಲ್ಕನೆಯದಾಗಿ ಹುಳುವಿನ ಪರೀಕ್ಷೆ. ಮರದಲ್ಲಿ ಗುಂಡುಸೂಜಿಯ ತಲೆಯಷ್ಟು ರಂಧ್ರಗಳಿದ್ದು, ಅವುಗಳ ಕೆಳಗೆ ನುಣುಪಾದ ಹಿಟ್ಟು ಉದುರಿದ್ದರೆ ಕುಟ್ಟೆ ಹುಳು ಒಳಗಿದೆಯೆಂದು ಅರ್ಥ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಬೇಕು. ಗಟ್ಟಿಮರದ ದನಿ ಭರ್ತಿಯಾಗಿರುತ್ತದೆ. ಒಳಗೆ ತಿಂದುಹೋದ ಮರ ಟೊಳ್ಳಾಗಿ ನುಡಿಯುತ್ತದೆ. ಹಳೆಯ ರಂಧ್ರಗಳಿದ್ದ ಮಾತ್ರಕ್ಕೆ ಹುಳು ಜೀವಂತವಾಗಿದೆಯೆಂದು ಹೇಳಲಾಗದು. ಸಾಮಾನಿನ ಕೆಳಗೆ ಕಪ್ಪು ಬಟ್ಟೆ ಹಾಸಿ ಕೆಲವು ವಾರ ಬಿಟ್ಟು ನೋಡಿದರೆ, ಹೊಸ ಹಿಟ್ಟು ಬಿದ್ದಿದೆಯೇ ಇಲ್ಲವೇ ಎಂಬುದರಿಂದ ನಿಜ ತಿಳಿಯುತ್ತದೆ. ಹುಳು ತಿಂದ ಭಾಗ ಅಲ್ಪವಾಗಿದ್ದರೆ ಅದನ್ನು ಕತ್ತರಿಸಿ ತೆಗೆದು ಬೇರೆ ಮರ ಕೂಡಿಸಿ, ಉಳಿದ ಭಾಗಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ತಿಳಿದವರಿಂದ ಹಚ್ಚಿಸಬಹುದು. ಕಾಲುಗಳೂ ಚೌಕಟ್ಟೂ ಟೊಳ್ಳಾಗಿದ್ದರೆ ಅಂಥದನ್ನು ಬಿಡುವುದೇ ಲೇಸು. ಮಂಚಗಳ ಸಂದುಗಳಲ್ಲಿಯೂ ಬೆತ್ತದ ಹೆಣಿಗೆಯಲ್ಲಿಯೂ ತಿಗಣೆ ಅಡಗಿರಬಹುದೆಂಬುದನ್ನು ಮರೆಯಬಾರದು.

ಐದನೆಯದು ಬಣ್ಣ. ಹಳೆಯ ಕಾಲದ ಎಣ್ಣೆಬಣ್ಣಗಳಲ್ಲಿ ಸೀಸ ಬೆರೆಸುತ್ತಿದ್ದರು. ಸೀಸವು ಮಕ್ಕಳ ಮಿದುಳಿಗೆ ಹಾನಿಕರವಾದ ವಿಷ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮವು ಭಾರತದಲ್ಲಿ 2016ರಲ್ಲಿ ರಚಿತವಾಗಿ 2017ರ ನವೆಂಬರಿನಿಂದ ಜಾರಿಗೆ ಬಂದಿತು. ಆದುದರಿಂದ ಅದಕ್ಕೆ ಹಿಂದಿನ ಬಣ್ಣ ಬಳಿದ ತೊಟ್ಟಿಲು, ಮಕ್ಕಳ ಕುರ್ಚಿ, ಆಟಿಕೆಗಳ ವಿಷಯದಲ್ಲಿ ಎಚ್ಚರ ಅಗತ್ಯ. ಚಕ್ಕೆಯೇಳುತ್ತಿರುವ ಅಂಥ ಬಣ್ಣವನ್ನು ಮನೆಯೊಳಗೆ ಉಪ್ಪುಕಾಗದದಿಂದ ಒಣಗಿದ್ದಂತೆಯೇ ಉಜ್ಜಬಾರದು. ಎದ್ದ ಧೂಳು ಉಸಿರಿನೊಡನೆ ಒಳಸೇರುತ್ತದೆ. ಬಣ್ಣವಿಲ್ಲದ, ಮೇಣ ಅಥವಾ ಅರಗಿನ ಮೆರುಗು ಕೊಟ್ಟ ಸಾಮಾನುಗಳಿಗೆ ಈ ಭಯವಿಲ್ಲ.

ಬೇರೆ ಕೆಲಸಕ್ಕೆ ಬಳಸಿದ ಮರವನ್ನು ಮನೆಗೆ ತರುವಾಗಲೂ ಹೀಗೆಯೇ ಯೋಚಿಸಬೇಕು. ಒಂದು ಕಾಲಕ್ಕೆ ರೈಲು ಹಳಿಗಳ ಅಡಿಯಲ್ಲಿ ಮರದ ದಿಮ್ಮಿಗಳಿದ್ದವು; ಕ್ರಮೇಣ ಕಾಂಕ್ರೀಟಿನವು ಬಂದವು. ಹೊರತೆಗೆದ ದಿಮ್ಮಿಗಳು ಗಟ್ಟಿಯಾಗಿರುತ್ತವೆಂದು ಕೆಲವರು ಮೇಜು ಮಾಡಿಸುವುದುಂಟು. ಆದರೆ ಕೊಳೆಯದಿರಲೆಂದು ಅವುಗಳಲ್ಲಿ ಹಲವಕ್ಕೆ ಕ್ರಿಯೋಸೋಟ್ ಎಂಬ ವಿಷಯುಕ್ತ ಡಾಂಬರೆಣ್ಣೆಯನ್ನು ಕುಡಿಸಿರುತ್ತಾರೆ. ಅವು ಮನೆಯೊಳಗೆ ಸಲ್ಲ. ಕಾರ್ಖಾನೆಗಳಿಗೆ ಹೊರದೇಶದಿಂದ ಯಂತ್ರಗಳನ್ನು ತುಂಬಿಕೊಂಡು ಬರುವ ಪೈನ್ ಮರದ ಪೆಟ್ಟಿಗೆಗಳು ಒಳ್ಳೆಯ ಕಪಾಟುಗಳಾಗಬಲ್ಲವು. ಅವುಗಳ ಮೇಲೆ ಗೋಧಿಯ ತೆನೆಯ ಚಿಹ್ನೆಯುಳ್ಳ ಮುದ್ರೆಯಿರುತ್ತದೆ. ಅದರಲ್ಲಿ ‘ಎಚ್‌ಟಿ’ ಎಂಬ ಅಕ್ಷರಗಳಿದ್ದರೆ ಮರವನ್ನು ಬರಿಯ ಶಾಖದಿಂದ ಶುದ್ಧಗೊಳಿಸಿದ್ದಾರೆಂದು ತಿಳಿಯಬೇಕು. ‘ಎಂಬಿ’ ಎಂದಿದ್ದರೆ ವಿಷಾನಿಲವನ್ನು ಬಳಸಿದ್ದಾರೆ. ಅಂಥದನ್ನು ಬಿಡುವುದು ಒಳ್ಳೆಯದು.

ಇಷ್ಟೆಲ್ಲ ನೋಡಿ ಆರಿಸಿದ ಸಾಮಾನಿನ ಬೆಲೆಯನ್ನು ಅಳೆಯುವುದು ಹೇಗೆ? ಕೊಂಡ ಬೆಲೆಯೊಂದೇ ಬೆಲೆಯಲ್ಲ. ಹಳೆಯ ಮೇಜೊಂದಕ್ಕೆ ಆರು ಸಾವಿರ ರೂಪಾಯಿ, ದುರಸ್ತಿಗೂ ಸಾಗಣೆಗೂ ಎರಡು ಸಾವಿರ ಆಯಿತೆಂದು ಭಾವಿಸೋಣ. ಅದು ಇನ್ನೂ ನಲವತ್ತು ವರ್ಷ ಬಾಳಿದರೆ ವರ್ಷಕ್ಕೆ ತಗಲುವುದು ಇನ್ನೂರು ರೂಪಾಯಿ. ಪುಡಿಮರದ ಹೊಸ ಮೇಜು ಐದು ಸಾವಿರಕ್ಕೆ ಸಿಕ್ಕಿ ಐದೇ ವರ್ಷ ಬಾಳಿದರೆ ವರ್ಷಕ್ಕೆ ಸಾವಿರ ರೂಪಾಯಿ. ಅಗ್ಗವಾದುದು ಯಾವುದು, ತುಟ್ಟಿಯಾದುದು ಯಾವುದು? ಈ ಲೆಕ್ಕವನ್ನು ಬಡವರೇ ಹೆಚ್ಚಾಗಿ ಗಮನಿಸಬೇಕಾಗಿದೆ. ಮತ್ತೆ ಮತ್ತೆ ಕೊಳ್ಳುವ ಶಕ್ತಿ ಉಳ್ಳವರಿಗಷ್ಟೇ ಇರುತ್ತದೆ.

ಇಲ್ಲಿ ಒಂದು ಅಪಾಯವನ್ನೂ ಹೇಳದಿರಲಾಗದು. ಹಳೆಯ ಸಾಮಾನುಗಳ ಮೋಹ ಈಗ ಒಂದು ಶೋಕಿಯಾಗಿಯೂ ಬೆಳೆದಿದೆ. ಕೊಳ್ಳುವವರು ಹೆಚ್ಚಿದಂತೆ, ಹೊಸ ಮರವನ್ನೇ ಕೆತ್ತಿ, ಬಣ್ಣ ಕೊಟ್ಟು, ಅಲ್ಲಲ್ಲಿ ಗೀರಿ, ಹಳೆಯದೆಂದು ಮಾರುವವರೂ ಹುಟ್ಟಿಕೊಳ್ಳುತ್ತಾರೆ. ಕಾಡನ್ನು ಉಳಿಸುವ ಉದ್ದೇಶದಿಂದ ಕೊಂಡ ‘ಹಳೆಯ’ ಬೀಟೆ ಕುರ್ಚಿ ನಿನ್ನೆ ಮೊನ್ನೆ ಕಡಿದ ಮರದ್ದಾದರೆ, ಉದ್ದೇಶವೇ ತಲೆಕೆಳಗಾಯಿತು. ಸಹಜವಾದ ಸವೆತವು ಕೈ ಊರುವಲ್ಲಿ, ಕಾಲು ತಾಗುವಲ್ಲಿ, ಸೆಳೆಖಾನೆ ಜಾರುವಲ್ಲಿ ಇರುತ್ತದೆ; ಕೃತಕವಾದ ಸವೆತ ಎಲ್ಲೆಡೆಯೂ ಒಂದೇ ಸಮನಾಗಿರುತ್ತದೆ. ಅಲ್ಲದೆ ನೂರು ವರ್ಷಕ್ಕೂ ಹಿಂದಿನ ಕಲಾತ್ಮಕ ವಸ್ತುಗಳು 1972ರ ಪ್ರಾಚೀನ ವಸ್ತುಗಳ ಕಾಯಿದೆಗೆ ಒಳಪಡುತ್ತವೆ. ಅಂಥವನ್ನು ಮನಬಂದಂತೆ ಹೊರದೇಶಕ್ಕೆ ಸಾಗಿಸುವಂತಿಲ್ಲ. ದೇವಾಲಯ ಮೊದಲಾದ ಸಾರ್ವಜನಿಕ ಕಟ್ಟಡಗಳಿಂದ ಕಿತ್ತು ತಂದಂತೆ ತೋರುವ ಕೆತ್ತನೆಗಳನ್ನು ಎಷ್ಟೇ ಸುಂದರವಾಗಿದ್ದರೂ ಮುಟ್ಟಬಾರದು.

ಕೆತ್ತನೆಯೇ ಬೆಲೆಯಲ್ಲ ಎಂಬುದಕ್ಕೆ ಇತಿಹಾಸದಿಂದ ಒಂದು ನಿದರ್ಶನ ಕೊಡಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಮರಕ್ಕೆ ತೀವ್ರವಾದ ಅಭಾವ ಉಂಟಾಯಿತು. ಬಾಂಬಿನಿಂದ ಮನೆ ಕಳೆದುಕೊಂಡವರಿಗೂ ಹೊಸದಾಗಿ ಮದುವೆಯಾದವರಿಗೂ ಪೀಠೋಪಕರಣ ಒದಗಿಸಬೇಕಾಗಿತ್ತು. ಆಗ ಅಲ್ಲಿನ ಸರ್ಕಾರವು 1942ರಲ್ಲಿ ಒಂದು ಯೋಜನೆಯನ್ನು ಆರಂಭಿಸಿ, ಅಲಂಕಾರವಿಲ್ಲದ, ಆದರೆ ಕೂಡಿಕೆಗಳು ಗಟ್ಟಿಯಾಗಿರುವ ಕೆಲವೇ ಮಾದರಿಗಳನ್ನು ತಯಾರಿಸಲು ಅಪ್ಪಣೆ ಕೊಟ್ಟಿತು. ಆ ಯೋಜನೆ 1952ರವರೆಗೆ ನಡೆಯಿತು. ಅಭಾವದ ಕಾಲದಲ್ಲಿ ಹುಟ್ಟಿದ ಆ ಸರಳವಾದ ಕುರ್ಚಿ ಮೇಜುಗಳನ್ನು ಜನ ಇಂದಿಗೂ ಹುಡುಕಿ ಕೊಳ್ಳುತ್ತಾರೆ. ನಮ್ಮ ನವಾರು ಮಂಚ, ಕಾಲುಮಣೆ, ಶಾಲೆಯ ಬೆಂಚುಗಳೂ ಇಂಥ ಸರಳತೆಯಿಂದಲೇ ಬಾಳಿದವು.

ಎಲ್ಲರಿಗೂ ಹಳೆಯ ಸಾಮಾನು ದೊರೆಯುವುದಿಲ್ಲ ನಿಜ. ಹೊಸದನ್ನೇ ಮಾಡಿಸಬೇಕಾಗಿ ಬಂದರೆ ಕಾಡಿನ ಮರಕ್ಕಿಂತ ಹೊಲದ ಮರವನ್ನು ಆರಿಸುವುದು ಯುಕ್ತ. ಹಲಸು, ಬೇವು, ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಇವು ಸಾಕಷ್ಟು ಒಳ್ಳೆಯ ಮರಗಳು. ರಬ್ಬರ್ ಮರವು ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ಹಾಲು ಕೊಡುವುದನ್ನು ಕಡಮೆಮಾಡುತ್ತದೆ. ಹಿಂದೆ ಅದನ್ನು ಕಡಿದು ಸೌದೆ ಮಾಡುತ್ತಿದ್ದರು; ಈಗ ಹುಳು ಹಿಡಿಯದಂತೆ ಸಂಸ್ಕರಿಸಿ ಪೀಠೋಪಕರಣಗಳಿಗೆ ಬಳಸುತ್ತಾರೆ. ಬಿದಿರಂತೂ ಕೆಲವೇ ವರ್ಷಗಳಲ್ಲಿ ಕೊಯ್ಲಿಗೆ ಬರುವ ಹುಲ್ಲು. ಯಾವುದನ್ನೇ ಆರಿಸಿದರೂ ಗಟ್ಟಿಯಾದ ಕೂಡಿಕೆಯಿರುವಂತೆ, ಮುಂದೆ ಬಿಚ್ಚಿ ಸರಿಪಡಿಸಲು ಸಾಧ್ಯವಾಗುವಂತೆ ಮಾಡಿಸಬೇಕು. ಇಂದಿನ ಹೊಸದು ನಾಳೆಯ ಹಳೆಯದು ತಾನೆ?

ತಂದ ವಸ್ತುವನ್ನು ಕಾಪಾಡುವುದೂ ಆಯ್ಕೆಯ ಒಂದು ಭಾಗವೇ. ಬಿಸಿಲು ನೇರವಾಗಿ ಬೀಳುವಲ್ಲಿ, ಗೋಡೆಯ ತೇವ ತಾಗುವಲ್ಲಿ ಮರದ ಸಾಮಾನನ್ನು ಇಡಬಾರದು. ನೆಲ ತೊಳೆಯುವಾಗ ಕಾಲುಗಳಿಗೆ ನೀರು ಹೀರದಂತೆ ನೋಡಿಕೊಳ್ಳಬೇಕು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಹತ್ತಿಯ ಉಂಡೆಯಿಂದ ತೆಳುವಾಗಿ ಪದರ ಪದರವಾಗಿ ಹಚ್ಚುವ ಮೆರುಗು ಮಾಸಿದಾಗ ಮತ್ತೆ ಹಚ್ಚಬಹುದು. ಹರಿದ ಬೆತ್ತವನ್ನು ಮತ್ತೆ ಹೆಣೆಸಬಹುದು, ಸಡಿಲವಾದ ಕಾಲನ್ನು ಮರವಜ್ರ ಹಾಕಿ ಬಿಗಿಸಬಹುದು. ಇವೆಲ್ಲ ಬಲ್ಲ ಕೈಗಳು ನಮ್ಮ ನಡುವೆ ಇನ್ನೂ ಇವೆ. ಆದರೆ ಕೆಲಸವಿಲ್ಲದೆ ಯಾವ ಕಸಬೂ ಉಳಿಯಲಾರದು. ದುರಸ್ತಿಗೆ ಕರೆಯುವವರಿಲ್ಲದಿದ್ದರೆ ಬಡಗಿಯ ಮಗ ಉಳಿಯನ್ನು ಹಿಡಿಯುವುದಿಲ್ಲ. ಬೆತ್ತ ಹೆಣೆಯುವವನ ಮಗಳು ಆ ಹೆಣಿಗೆಯನ್ನು ಕಲಿಯುವುದಿಲ್ಲ. ಹಾಗಾದ ದಿನ ಒಂದು ಕುರ್ಚಿಯ ಕಾಲು ಮುರಿದರೆ ಇಡೀ ಕುರ್ಚಿಯೇ ಕಸವಾಗುತ್ತದೆ.

ಉಡುಪಿ ಜಿಲ್ಲೆಯ ಮಣಿಪಾಲದಲ್ಲಿ ವಿಜಯನಾಥ ಶೆಣೈ ಎಂಬವರಿದ್ದರು. ಬ್ಯಾಂಕಿನ ನೌಕರರಾಗಿದ್ದ ಅವರು, ಕರಾವಳಿಯಲ್ಲಿ ಹಳೆಯ ಮನೆಗಳು ಒಂದೊಂದಾಗಿ ನೆಲಕಚ್ಚುವುದನ್ನು ಕಂಡು ಮರುಗಿದರು. ಕೆಡವಿದ ಮನೆಗಳ ಕಂಬ, ಬಾಗಿಲು, ಕಿಟಕಿಗಳನ್ನು ಸಂಗ್ರಹಿಸಿ ಮೊದಲು ತಮ್ಮ ಮನೆಯನ್ನೇ ಕಟ್ಟಿಕೊಂಡರು. ಮುಂದೆ ಇಡಿಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿ ‘ಹಸ್ತಶಿಲ್ಪ’ ಎಂಬ ಪರಂಪರೆಯ ಗ್ರಾಮವನ್ನು ರೂಪಿಸಿದರು. 2017ರಲ್ಲಿ ಅವರು ಕಾಲವಾದರೂ ಅವರು ಉಳಿಸಿದ ಮರ ಉಳಿದಿದೆ. ಎಲ್ಲರೂ ಒಂದು ಗ್ರಾಮವನ್ನು ಉಳಿಸಲಾರರು. ಒಂದು ಬೆಂಚನ್ನು, ಒಂದು ಪೆಟ್ಟಿಗೆಯನ್ನು ಉಳಿಸುವುದು ಮಾತ್ರ ಯಾರಿಗೂ ಅಸಾಧ್ಯವಲ್ಲ.

ನಿಮ್ಮ ಮನೆಯ ಅಟ್ಟವನ್ನು ಒಮ್ಮೆ ಹತ್ತಿ ನೋಡಿರಿ. ಅಲ್ಲಿರುವ ಮಣೆ ಯಾವ ಮರದ್ದು, ಅದರ ಕೂಡಿಕೆ ಎಂಥದು, ಅದನ್ನು ಯಾರು ಯಾವಾಗ ಮಾಡಿಸಿದರು ಎಂದು ಹಿರಿಯರನ್ನು ಕೇಳಿರಿ. ಅವರು ಅದನ್ನು ಗುಜರಿಗೆ ಹಾಕಲು ಹೊರಟಿದ್ದರೆ, ಬಡಗಿಯೊಬ್ಬನಿಗೆ ಒಮ್ಮೆ ತೋರಿಸುವವರೆಗೆ ಕಾಯುವಂತೆ ವಿನಯದಿಂದ ಹೇಳಿರಿ. ಮ‌ನೆಯಲ್ಲಿ ಕಿರಿಯರ ಮಾತು ಎಲ್ಲದರಲ್ಲೂ ನಡೆಯದಿರಬಹುದು. ಆದರೆ ಆ ಮಣೆಯ ಮೇಲೆ ಮುಂದೆ ಕುಳಿತುಕೊಳ್ಳಬೇಕಾದವರು ನೀವೇ ಆದುದರಿಂದ, ಅದರ ವಿಷಯದಲ್ಲಿ ಮಾತನಾಡುವ ಹಕ್ಕು ನಿಮಗಿದೆ.